ಫಾರ್ಮ್ಯಾಟ್ ಮಾಡುವ ಮೊದಲು ಫಾಂಟ್ ಎತ್ತಿಡಿ

ಪ್ರಶ್ನೆ: ಪೆರ್ಲ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಆನ್‌ಲೈನ್ ಅರ್ಜಿ, ಇಷ್ಟೇ ಕೆಲಸ. ಕಂಪ್ಯೂಟರ್ 2019ರಲ್ಲಿ ತೆಗೆದದ್ದು. ಇಂಟೆಲ್ ಐ3-8100, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಗ ಬೆಳಗ್ಗೆ ಆನ್ ಮಾಡಿ ಚಾ ಕುಡಿದು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತದೆ. ಫಾರ್ಮ್ಯಾಟ್ ಮಾಡಿ, ಅಂದರೆ ಡಿಸ್ಕ್ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿದರೆ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು. ನಾನೇ ಮಾಡಬಹುದಾ ಸರ್? ಡಿ ಡ್ರೈವ್‌ನಲ್ಲಿರುವ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿಗೆ ಏನೂ ಆಗುವುದಿಲ್ಲ ಅಲ್ವಾ? ವಿಂಡೋಸ್ 11 ಹಾಕಬೇಕಾ? ಹೈಸ್ಕೂಲಿಗೆ ಹೋಗುವ ಮಗ ವಿಂಡೋಸ್ ಬದಲಿಗೆ ಉಬುಂಟು ಹಾಕುವ ಅಂತಾನೆ.

ಉತ್ತರ: ಖಂಡಿತ ನೀವೇ ಮಾಡಬಹುದು. ಆದರೆ ಅಕ್ಕ, ನಿಮ್ಮ ಹಾರ್ಡ್ ಡಿಸ್ಕನ್ನು ಸದ್ಯಕ್ಕೆ ಫಾರ್ಮ್ಯಾಟ್ ಮಾಡುವುದೇ ಬೇಡ ಅಂತ ನಾನು ಹೇಳುತ್ತೇನೆ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ಒಂದು ಪರೀಕ್ಷೆ. ಕಂಪ್ಯೂಟರ್ ಆನ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಡಿಸ್ಕ್ ಅಂತ ಒಂದು ಕಾಲಂ ಇರುತ್ತದೆ. ನೀವು ಏನೂ ಮಾಡದೆ ಸುಮ್ನೆ ಕೂತಿದ್ದರೂ ಅದು 100ರಲ್ಲೇ ನಿಂತಿದ್ದರೆ ತೊಂದರೆ ಅಲ್ಲೇ ಇದೆ. ಈಗಿನ ವಿಂಡೋಸ್ ಒಂದೇ ಹೊತ್ತಿಗೆ ಹತ್ತಾರು ಕಡೆ ಓದುತ್ತದೆ, ಬರೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಇರುವುದು ತಿರುಗುವ ತಟ್ಟೆ. ಅದರ ಮೇಲೆ ಓಡಾಡಿ ಓದುವ ಮುಳ್ಳು ಎಲ್ಲಿಗೆ ಅಂತ ಓಡಬೇಕು? ಫಾರ್ಮ್ಯಾಟ್ ಮಾಡಿದರೆ ಎರಡು ಮೂರು ತಿಂಗಳು ಹಗುರ ಅನಿಸಬಹುದು. ಆಮೇಲೆ ಮತ್ತೆ ಅದೇ ಚಾ, ಅದೇ ಕಾಯುವಿಕೆ.

ಇನ್ನೊಂದು ಸಾಧ್ಯತೆಯೂ ಇದೆ. ಡಿಸ್ಕೇ ಹಾಳಾಗುತ್ತಾ ಬಂದಿರಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಮೇಲ್ಗಡೆ ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದರೆ ಸಮಾಧಾನ. ಹಳದಿ ಬಣ್ಣದಲ್ಲಿ ಕಾಶನ್ ಅಂತ ಬಂದರೆ ಕೆಳಗಿನ ಪಟ್ಟಿಯಲ್ಲಿ 05 ಮತ್ತು ಸಿ5 ಸಾಲುಗಳ ಕೊನೆಯ ಅಂಕೆ ನೋಡಿ. 05 ಅಂದರೆ ಕೆಟ್ಟುಹೋಗಿ ಈಗಾಗಲೇ ಬೇರೆ ಕಡೆಗೆ ಬದಲಾಯಿಸಿದ ಜಾಗಗಳು. ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದವು. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಏನಿದ್ದರೂ, ಅಥವಾ ಡಿಸ್ಕಿನಿಂದ ಟಕ್ ಟಕ್ ಶಬ್ದ ಬರುತ್ತಿದ್ದರೂ, ಉಳಿದ ಕೆಲಸ ಎಲ್ಲ ಬಿಟ್ಟು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಅಂಥ ಡಿಸ್ಕಿಗೆ ಫಾರ್ಮ್ಯಾಟ್ ಔಷಧಿಯೇ ಅಲ್ಲ.

ಹಾಗಾಗಿ ನನ್ನ ಸಲಹೆ ಇದು. 240 ಅಥವಾ 256 ಜಿಬಿಯ, ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಫೈಲು ಇಡುವ ಒಂದು ಸಾಟಾ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಕಾಸರಗೋಡಿಗೋ ಪುತ್ತೂರಿಗೋ ಹೋದಾಗ ತಂದರಾಯಿತು. ಜೊತೆಗೆ ಒಂದು ಸಾಟಾ ಡೇಟಾ ವೈರು ಕೇಳಿ ತನ್ನಿ, ಎಸ್‌ಎಸ್‌ಡಿಯ ಡಬ್ಬದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ರ‍್ಯಾಮನ್ನೂ 8 ಜಿಬಿ ಮಾಡಿಸಿ. ಹೊಸ ವಿಂಡೋಸ್ ಹೋಗುವುದು ಎಸ್‌ಎಸ್‌ಡಿಗೆ. ಹಳೆ ಹಾರ್ಡ್ ಡಿಸ್ಕಿನ ವೈರು ಬಿಚ್ಚಿ ಪಕ್ಕಕ್ಕೆ. ಅದರಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಏನೋ ಮರೆತು ಹೋಯಿತು ಅಂತ ರಾತ್ರಿ ಹತ್ತು ಗಂಟೆಗೆ ನೆನಪಾದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ.

ವೈರು ಬಿಚ್ಚಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ಎಡವಟ್ಟು. ವರ್ಷಗಳ ಹಿಂದೆ ಪರಿಚಯದವರ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಲು ಕೂತಿದ್ದೆ. ಬ್ಯಾಕಪ್ ಎಲ್ಲ ಶಿಸ್ತಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದಾಗಿತ್ತು. ಆದರೆ ಆ ಡಿಸ್ಕನ್ನು ಯುಎಸ್‌ಬಿಯಿಂದ ಕೀಳಲು ಮರೆತಿದ್ದೆ. ಎಲ್ಲಿಗೆ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪರದೆ ಬಂತು. ಡ್ರೈವ್ 0, ಡ್ರೈವ್ 1. ಎರಡೂ 931 ಜಿಬಿ. 1 ಟಿಬಿ ಅಂತ ಕೊಟ್ಟದ್ದನ್ನು ವಿಂಡೋಸ್ ತೋರಿಸುವುದೇ ಹಾಗೆ. ಮನೆಯವರು ತಂದಿಟ್ಟ ಅವಲಕ್ಕಿ ತಿನ್ನುತ್ತಾ, ಮಾತಾಡುತ್ತಾ, ಡ್ರೈವ್ 1ರ ಪಾರ್ಟಿಶನ್‌ಗೆ, ಅಂದರೆ ಡಿಸ್ಕಿನ ವಿಭಾಗಕ್ಕೆ, ಡಿಲೀಟ್ ಒತ್ತಿದೆ. ಹೋದದ್ದು ಬ್ಯಾಕಪ್. ಪುಣ್ಯಕ್ಕೆ ತಕ್ಷಣ ಗೊತ್ತಾಯಿತು. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿದೆ. ಮರುದಿನ ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್‌ನಿಂದ ಪಾರ್ಟಿಶನ್ ವಾಪಸು ಬಂತು, ಯಾಕೆಂದರೆ ಅದರ ಮೇಲೆ ಹೊಸದಾಗಿ ಏನೂ ಬರೆದಿರಲಿಲ್ಲ. ಆ ರಾತ್ರಿ ಮಾತ್ರ ನನಗೆ ನಿದ್ದೆ ಇರಲಿಲ್ಲ. ಆವತ್ತಿನಿಂದ, ವಿಂಡೋಸ್ ಹೋಗಬೇಕಾದ ಡಿಸ್ಕ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಕಂಪ್ಯೂಟರಿಗೆ ಚುಚ್ಚಿಡುವುದಿಲ್ಲ.

ಈಗ ನಿಮ್ಮ ನುಡಿ ಫೈಲುಗಳ ವಿಷಯ. ನೀವು ಕೇಳಿದ್ದು ಡಿ ಡ್ರೈವ್ ಉಳಿಯುತ್ತದಾ ಅಂತ. ವೈರು ಬಿಚ್ಚಿಟ್ಟರೆ ಉಳಿಯುತ್ತದೆ, ಅದರಲ್ಲಿ ಸಂಶಯ ಬೇಡ. ಆದರೆ ಫೈಲು ಉಳಿದು ಫಾಂಟ್ ಹೋದರೆ? ನುಡಿಯ ಹಳೆಯ ಫಾಂಟುಗಳಲ್ಲಿ ಬರೆದದ್ದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಅಕ್ಷರ ಸಂಕೇತ, ಅಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳು ಬಾಡಿಗೆಗೆ ಕೂತಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದವೇ ದೊಡ್ಡ ಪಿ, ತಲೆ ಮೇಲೆ ಗೆರೆ ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಹೀಗೆ ಏನೇನೋ ಆಗಿ ಕಾಣುತ್ತದೆ. ಫೈಲು ಕೆಟ್ಟಿತು ಅಂತ ಹೆದರಿ ಡಿಲೀಟ್ ಮಾಡಿದವರೂ ಇದ್ದಾರೆ! ಕೆಟ್ಟದ್ದಲ್ಲ, ಫಾಂಟ್ ಇಲ್ಲ ಅಷ್ಟೇ.

ಫಾಂಟುಗಳು ಇರುವುದು ಸಿ ಡ್ರೈವ್‌ನಲ್ಲಿ, ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಎಂಬ ಫೋಲ್ಡರಿನಲ್ಲಿ. ಅದನ್ನು ತೆರೆದು ನುಡಿ, ಬರಹದ ಬಿಆರ್‌ಎಚ್, ಶ್ರೀಲಿಪಿ, ಯಾವುದೆಲ್ಲ ಉಂಟೋ ಎಲ್ಲ ಆರಿಸಿ ಪೆನ್ ಡ್ರೈವಿಗೆ ಕಾಪಿ ಮಾಡಿ. ನಮ್ಮ ಊರಿನ ಡಿಟಿಪಿಯವರಿಗೆ ಕೆಲಸ ಎರಡು ಪಟ್ಟು. ಎಂಎಲ್-ಟಿಟಿ ರೇವತಿ, ಕಾರ್ತಿಕ ಅಂತ ಮಲಯಾಳಂ ಫಾಂಟುಗಳೂ ಅಲ್ಲೇ ಇರುತ್ತವೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಪತ್ರಿಕೆ ಎರಡೂ ಭಾಷೆಯಲ್ಲಿ ಹೊರಡುವ ಜಾಗ ಇದು. ಒಂದನ್ನು ಎತ್ತಿಟ್ಟು ಇನ್ನೊಂದನ್ನು ಮರೆತರೆ ಅರ್ಧ ಪತ್ರಿಕೆ ಮಾತ್ರ ಓದಲು ಬರುತ್ತದೆ.

ಇನ್ನೂ ಒಂದು ಸಣ್ಣ ಸಂಗತಿ. ಹಳೆಯ ವಿಂಡೋಸ್‌ಗಳಲ್ಲಿ ತಾನಾಗಿ ಇರುತ್ತಿದ್ದ ತುಂಗಾ ಫಾಂಟ್ ಈಗ 10 ಮತ್ತು 11ರಲ್ಲಿ ಶುರುವಿಗೇ ಬರುವುದಿಲ್ಲ. ಕನ್ನಡಕ್ಕೆ ನಿರ್ಮಲಾ ಯುಐ ಬರುತ್ತದೆ. ತುಂಗಾದಲ್ಲಿ ಮಾಡಿದ ಹಳೆ ವರ್ಡ್ ಫೈಲು ತೆರೆದಾಗ ಸಾಲುಗಳು ಅತ್ತಿತ್ತ ಜಾರಿದರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ವಾಪಸು ಬರುತ್ತದೆ.

ಡಿ ಡ್ರೈವ್‌ನಲ್ಲಿ ಎಲ್ಲ ಉಂಟು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ದಿನ ಕಳೆದ ಹಾಗೆ ಮುಖ್ಯವಾದದ್ದೆಲ್ಲ ಡೆಸ್ಕ್‌ಟಾಪಿನ ಮೇಲೆ, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುತ್ತದೆ. ಅದೆಲ್ಲ ಸಿ ಡ್ರೈವ್. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡುಗಳು, ಬುಕ್‌ಮಾರ್ಕುಗಳು ಕೂಡ ಅಲ್ಲೇ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಇದ್ದರೆ ಅವುಗಳ ಮಾಡೆಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಡಿ, ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿ ಇಡಿ. ಹಳೆಯ ಪ್ರಿಂಟರಿನ ಡ್ರೈವರ್ ಹುಡುಕುವುದು ಆಮೇಲೆ ದೊಡ್ಡ ತಲೆನೋವು, ಅದೂ ಗಿರಾಕಿ ಎದುರಿಗೆ ನಿಂತಿರುವಾಗ.

ವಿಂಡೋಸ್ 11 ಹಾಕಿ. 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಜನರ ಆಧಾರ್, ಪಾಸ್‌ಬುಕ್ ಓಡಾಡುವ ಕಂಪ್ಯೂಟರಿನಲ್ಲಿ ಸುರಕ್ಷತಾ ಅಪ್‌ಡೇಟ್ ಬರದ ವಿಂಡೋಸ್ ಇಟ್ಟುಕೊಳ್ಳುವುದು ಸರಿಯಲ್ಲ. ನಿಮ್ಮ ಐ3-8100 ಎಂಟನೇ ತಲೆಮಾರಿನದು, 11ಕ್ಕೆ ಒಪ್ಪಿಗೆ ಇರುವ ಪಟ್ಟಿಯಲ್ಲಿ ಅದೂ ಉಂಟು. ಏಳನೇ ತಲೆಮಾರಿನದ್ದಾಗಿದ್ದರೆ ಕಥೆ ಬೇರೆ ಇತ್ತು. ಆದರೂ ಕಂಪ್ಯೂಟರ್ 'ನನಗೆ ಆಗುವುದಿಲ್ಲ' ಅಂತ ಹೇಳಬಹುದು. ಯಾಕೆಂದರೆ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಬೇಕು. ನಿಮ್ಮ ಬೋರ್ಡಿನಲ್ಲಿ ಅದು ಇದ್ದರೂ, ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಆಫ್ ಆಗಿರುವ ಸಾಧ್ಯತೆ ಜಾಸ್ತಿ. ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ, ಪಿಟಿಟಿ ಎಂಬ ಹೆಸರು ಹುಡುಕಿ ಎನೇಬಲ್ ಮಾಡಿ. ಇಂಟೆಲ್‌ನವರು ಟಿಪಿಎಂಗೆ ಇಟ್ಟ ಹೆಸರು ಅದು.

ಅಲ್ಲೇ ಸಿಎಸ್‌ಎಂ ಎಂಬ ಹಳೆ ಬೂಟ್ ಪದ್ಧತಿಯನ್ನು ಡಿಸೇಬಲ್ ಮಾಡಬೇಕು, ಆಗ ಯುಇಎಫ್‌ಐ ಎಂಬ ಹೊಸ ಪದ್ಧತಿ ಮಾತ್ರ ಉಳಿಯುತ್ತದೆ. ಇಲ್ಲಿ ಒಂದು ಎಚ್ಚರ. ಎಷ್ಟೋ ಕಂಪ್ಯೂಟರುಗಳಲ್ಲಿ ವಿಂಡೋಸ್ 10ನ್ನು ಹಳೆಯ ಲೆಗಸಿ ಪದ್ಧತಿಯಲ್ಲಿ, ಎಂಬಿಆರ್ ಎಂಬ ಹಳೆ ವಿಭಜನೆಯ ಡಿಸ್ಕಿಗೆ ಹಾಕಿರುತ್ತಾರೆ. ಸಿಎಸ್‌ಎಂ ತೆಗೆದ ಕೂಡಲೇ ಅಂಥ ಹಳೆ ವಿಂಡೋಸ್ ಏಳುವುದಿಲ್ಲ. ಹಾಳಾಗಿರುವುದಿಲ್ಲ, ಸಿಎಸ್‌ಎಂ ವಾಪಸು ಹಾಕಿದರೆ ಎದ್ದು ಕೂರುತ್ತದೆ. ಹಾಗಾಗಿ ಬ್ಯಾಕಪ್ ಮುಗಿದ ಮೇಲೇ ಈ ಕಡೆ ಕೈ ಹಾಕಿ. ಹಳೆ ಡಿಸ್ಕಿಗೇ 11 ಹಾಕಲು ಹೊರಟವರು ಸಿಕ್ಕಿಬೀಳುವುದೂ ಇಲ್ಲಿಯೇ. ಯುಇಎಫ್‌ಐನಲ್ಲಿ ಡಿಸ್ಕ್ ಜಿಪಿಟಿ ಎಂಬ ಹೊಸ ವಿಭಜನೆಯದ್ದಾಗಿರಬೇಕು, ಎಂಬಿಆರ್ ಆಗಿದ್ದರೆ ವಿಂಡೋಸ್ ಮುಂದಕ್ಕೆ ಹೋಗುವುದಿಲ್ಲ. ಜಿಪಿಟಿ ಮಾಡಲು ಸೆಟಪ್‌ನಲ್ಲಿ ಎಲ್ಲ ಪಾರ್ಟಿಶನ್ ಅಳಿಸಿದರೆ ಡಿ ಡ್ರೈವ್ ಕೂಡ ಅದರ ಜೊತೆಗೇ ಹೋಗುತ್ತದೆ. ಖಾಲಿ ಎಸ್‌ಎಸ್‌ಡಿಗೆ ಈ ರಗಳೆಯೇ ಇಲ್ಲ.

ಸಿಎಸ್‌ಎಂ ತೆಗೆಯುವ ಮುಂಚೆ, ಈಗಿನ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಟಿವೇಶನ್ ಅಂತ ಇರುವಲ್ಲಿ ನೋಡಿ. ಡಿಜಿಟಲ್ ಲೈಸೆನ್ಸಿನಿಂದ ಆಕ್ಟಿವೇಟ್ ಆಗಿದೆ ಅಂತಿದ್ದರೆ ಚಿಂತೆ ಇಲ್ಲ. ಆ ಲೈಸೆನ್ಸ್ ಅಂಟಿಕೊಂಡಿರುವುದು ಮದರ್‌ಬೋರ್ಡಿಗೆ, ಡಿಸ್ಕಿಗಲ್ಲ. ಹೋಮ್ ಇದ್ದದ್ದಕ್ಕೆ ಹೋಮ್, ಪ್ರೋ ಇದ್ದದ್ದಕ್ಕೆ ಪ್ರೋ ಹಾಕಿದರೆ ಇಂಟರ್ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. 10ರ ಅಸಲಿ ಲೈಸೆನ್ಸ್ 11ಕ್ಕೂ ನಡೆಯುತ್ತದೆ. ಯಾರೋ ಕ್ರ್ಯಾಕ್ ಹಾಕಿ ಕೊಟ್ಟದ್ದಾಗಿದ್ದರೆ ಈಗ ಗೊತ್ತಾಗಬಹುದು. ಮತ್ತೆ ಕ್ರ್ಯಾಕ್ ಹುಡುಕಿಕೊಂಡು ಹೋಗಬೇಡಿ. ಅದರ ಜೊತೆಗೆ ಏನು ಒಳಗೆ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಪೆನ್ ಡ್ರೈವ್. 8 ಜಿಬಿ ಅಥವಾ ಹೆಚ್ಚಿನದು ಸಾಕು, ಆದರೆ ಅದರಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಫಾಂಟ್ ಎತ್ತಿಟ್ಟ ಪೆನ್ ಡ್ರೈವನ್ನೇ ಇದಕ್ಕೆ ಬಳಸಬೇಡಿ ಅಂತ ಹೇಳುವುದು ಹುಚ್ಚುತನ ಅನಿಸಬಹುದು. ಹಾಗೆ ಮಾಡಿ ಫೋನ್ ಮಾಡಿದವರು ಇದ್ದಾರೆ. ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಂಡು ಓಡಿಸಿದರೆ ಅದೇ ಎಲ್ಲ ಮಾಡುತ್ತದೆ. ಹಲವು ಜಿಬಿ ಡೌನ್‌ಲೋಡ್ ಇರುತ್ತದೆ, ಮೊಬೈಲ್ ನೆಟ್ ನಂಬಿ ಕೂರಬೇಡಿ.

ಕೆಲಸಕ್ಕೆ ಕೂರುವ ಹೊತ್ತೂ ಮುಖ್ಯ. ತುಲಾ ತಿಂಗಳಲ್ಲಾದರೆ (ಅಕ್ಟೋಬರ್-ನವೆಂಬರ್) ಬೆಳಗ್ಗೆಯೇ ಮುಗಿಸಿ. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಸಿಡಿಲು ಶುರುವಾದರೆ ನೀವು ಪ್ಲಗ್ ಕೀಳುತ್ತೀರಾ, ಇನ್‌ಸ್ಟಾಲ್ ನೋಡುತ್ತೀರಾ? ಮಳೆಗಾಲದಲ್ಲಿ ಕರೆಂಟಿನ ಕಣ್ಣುಮುಚ್ಚಾಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಯುಪಿಎಸ್ ಬ್ಯಾಟರಿ ಹೇಗಿದೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ.

ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಡಬ್ಬದ ಬದಿಯ ಮುಚ್ಚಳ ತೆಗೆಯಿರಿ. ಹಾರ್ಡ್ ಡಿಸ್ಕಿನ ಹಿಂದೆ ಎರಡು ವೈರು ಕಾಣುತ್ತವೆ. ಅಗಲವಾದದ್ದು ಕರೆಂಟಿನದು, ಚಿಕ್ಕದು ಡೇಟಾದ್ದು. ಎರಡನ್ನೂ ಬಿಚ್ಚಿ. ಎಸ್‌ಎಸ್‌ಡಿಗೆ ಹೊಸ ಡೇಟಾ ವೈರು, ಕರೆಂಟ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ಇನ್ನೊಂದು ಕರೆಂಟ್ ವೈರು ಚುಚ್ಚಿ. ಕನೆಕ್ಟರ್ ಎಲ್ ಆಕಾರದಲ್ಲಿ ಇರುವುದರಿಂದ ತಿರುಗಾಮುರುಗಾ ಕೂರುವುದಿಲ್ಲ, ಬಲ ಹಾಕಬೇಡಿ. ಒಳಗಿನ ಧೂಳು, ಹಲ್ಲಿ ಮೊಟ್ಟೆ ಇದ್ದರೆ ಹಾಗೇ ತೆಗೆದುಬಿಡಿ.

ಆಮೇಲೆ ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿ ಬೂಟ್ ಮೆನು ಕೀ ಒತ್ತಿ. ಗಿಗಾಬೈಟ್ ಬೋರ್ಡಿಗೆ ಎಫ್12, ಏಸಸ್‌ಗೆ ಎಫ್8, ಎಂಎಸ್‌ಐಗೆ ಎಫ್11. ಯುಇಎಫ್‌ಐ ಅಂತ ಮುಂದೆ ಬರೆದಿರುವ ಪೆನ್ ಡ್ರೈವಿನ ಹೆಸರು ಆರಿಸಿ. ಭಾಷೆ, ಕೀಬೋರ್ಡ್ ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋಗಿ. ಪ್ರಾಡಕ್ಟ್ ಕೀ ಕೇಳಿದಾಗ ಕೀ ಇಲ್ಲ ಅನ್ನುವುದನ್ನು ಒತ್ತಿ. ಎಲ್ಲಿಗೆ ಹಾಕಬೇಕು ಎಂಬ ಪರದೆಯಲ್ಲಿ ಪೆನ್ ಡ್ರೈವ್ ಬಿಟ್ಟರೆ ಒಂದೇ ಡಿಸ್ಕ್ ಕಾಣಬೇಕು, ಅನಲೊಕೇಟೆಡ್ ಸ್ಪೇಸ್ (ಖಾಲಿ ಜಾಗ) ಅಂತ. ಪೆನ್ ಡ್ರೈವ್ ಬಿಟ್ಟು ಎರಡು ಕಂಡರೆ ಅಲ್ಲೇ ನಿಲ್ಲಿಸಿ, ಯಾವುದರ ವೈರು ಬಿಚ್ಚಲು ಮರೆತದ್ದು ಅಂತ ನೋಡಿ. ಒಂದೇ ಇದ್ದರೆ ಆ ಖಾಲಿ ಡಿಸ್ಕನ್ನು ಆರಿಸಿ ನೆಕ್ಸ್ಟ್ ಒತ್ತಿ, ಸಾಕು. ನೀವು ಪಾರ್ಟಿಶನ್ ಮಾಡಬೇಕಾಗಿಲ್ಲ. ಬೂಟ್ ಆಗಲು ಬೇಕಾದ ಚಿಕ್ಕ ಚಿಕ್ಕ ತುಂಡುಗಳನ್ನೂ ಅದೇ ಕತ್ತರಿಸಿಕೊಂಡು, ಫಾರ್ಮ್ಯಾಟ್ ಮಾಡಿಕೊಂಡು ಮುಂದೆ ಹೋಗುತ್ತದೆ. ನೀವು ಇಷ್ಟೆಲ್ಲ ಹೆದರಿದ ಫಾರ್ಮ್ಯಾಟ್ ಎಂಬುದು ಕೆಲವೇ ಸೆಕೆಂಡಿನ ಕೆಲಸ.

ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್ ಡ್ರೈವ್ ಕಿತ್ತುಬಿಡಿ. ಇಲ್ಲದಿದ್ದರೆ ಕೆಲವು ಬೋರ್ಡುಗಳು ಮತ್ತೆ ಅದರಿಂದಲೇ ಬೂಟ್ ಆಗಿ ಮೊದಲಿನ ಪರದೆಗೆ ಬಂದು ನಿಲ್ಲುತ್ತವೆ. ಮುಂದಿನ ಹಂತದಲ್ಲಿ ವಿಂಡೋಸ್ 11 ಇಂಟರ್ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಲ್ಯಾನ್ ಡ್ರೈವರ್ ಇಲ್ಲದೆ ನೆಟ್ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ವೈರಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಎಲ್ಲ ಮುಗಿದ ಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ. ಹೆಚ್ಚಿನ ಡ್ರೈವರ್ ಅದೇ ತರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಹಾಕುವ ಬೀಗ) ತಾನಾಗಿ ಆನ್ ಆಗಿದೆಯಾ ನೋಡಿ. ಆಗಿದ್ದರೆ ಅದರ 48 ಅಂಕೆಯ ರಿಕವರಿ ಕೀ ಬರೆದಿಡಿ. ಮುಂದೊಂದು ದಿನ ಬೋರ್ಡ್ ಹೋದರೆ ಆ ಕೀ ಇಲ್ಲದೆ ಡಿಸ್ಕ್ ತೆರೆಯಲು ಯಾರಿಂದಲೂ ಆಗುವುದಿಲ್ಲ.

ಈಗ ಬಂದ್ ಮಾಡಿ ಹಳೆ ಡಿಸ್ಕಿನ ವೈರು ಚುಚ್ಚಿ. ನಿಮ್ಮ ಡಿ ಡ್ರೈವ್ ಬೇರೆ ಅಕ್ಷರದಲ್ಲಿ ಕಾಣಬಹುದು, ಇ ಅಂತಲೋ ಎಫ್ ಅಂತಲೋ. ಹಳೆಯ ಯೂಸರ್ಸ್ ಫೋಲ್ಡರ್ ತೆರೆಯುವಾಗ ನಿಮಗೆ ಅನುಮತಿ ಇಲ್ಲ ಅಂತ ಹೇಳುತ್ತದೆ. ಕಂಟಿನ್ಯೂ ಒತ್ತಿ ಕಾಯಿರಿ, ಫೈಲು ಜಾಸ್ತಿ ಇದ್ದಷ್ಟು ಹೊತ್ತು ಹಿಡಿಯುತ್ತದೆ. ಫಾಂಟುಗಳನ್ನು ಪೆನ್ ಡ್ರೈವಿನಿಂದ ಆರಿಸಿ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ. ನುಡಿ ಹಾಕಿ. ಯಾವುದಾದರೂ ಹಳೆಯ ಪತ್ರಿಕೆ ತೆರೆದು, ಒತ್ತಕ್ಷರ ಸಮೇತ ಸರಿಯಾಗಿ ಕಂಡರೆ ಗೆದ್ದ ಹಾಗೆ. ಬಿಡುವಾದಾಗ ಮತ್ತೆ ಮತ್ತೆ ಬೇಕಾಗುವ ಫೈಲುಗಳನ್ನು ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ. ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಮದುವೆ ಪತ್ರಿಕೆಯಲ್ಲಿ ಹುಡುಗನ ಮನೆಯ ಹೆಸರು ತಪ್ಪಿದರೆ ಬೈಗುಳ ಬೀಳುವುದು ನಿಮಗೆ, ಕಂಪ್ಯೂಟರಿಗಲ್ಲ.

ನಿಮ್ಮ ಮಗ ಹೇಳಿದ್ದು ತಪ್ಪಲ್ಲ. ಕೇರಳದ ಶಾಲೆಗಳಲ್ಲಿ, ಅಲ್ಲಿನ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನವರು ಕೊಡುವುದು ಉಬುಂಟು ಆಧಾರದ ಗ್ನೂ ಲಿನಕ್ಸ್, ಹುಡುಗನಿಗೆ ಅದು ಅಂಗೈ ಗೆರೆಯಷ್ಟು ಪರಿಚಯ ಇರುತ್ತದೆ. ಅರ್ಜಿ ತುಂಬಲು, ಪತ್ರ ಬರೆಯಲು ಅದು ಸಾಕು. ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸ ಕೂಡ ಅಲ್ಲಿ ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಆದರೆ ನೀವು ವಿಂಡೋಸ್‌ನಲ್ಲಿ ಪೇಜ್‌ಮೇಕರ್, ನುಡಿ ಅಂತ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರು. ಅಂಗಡಿಯ ಒಂದೇ ಕಂಪ್ಯೂಟರಿಗೆ ಉಬುಂಟು ಹಾಕಿದರೆ ಮರುದಿನವೇ ಕೆಲಸ ನಿಲ್ಲುತ್ತದೆ. ಮಗನಿಗೆ ಒಂದು ಪೆನ್ ಡ್ರೈವ್ ಕೊಟ್ಟು ಉಬುಂಟುವಿನ ಲೈವ್ ಮಾಡಿಸಿ ಇಟ್ಟುಕೊಳ್ಳಿ. ಡಿಸ್ಕಿಗೆ ಏನೂ ಹಾಕದೆ ಅದರಿಂದಲೇ ಕಂಪ್ಯೂಟರ್ ಏಳುತ್ತದೆ. ಯಾವತ್ತಾದರೂ ವಿಂಡೋಸ್ ಏಳದೆ ಹೋದರೆ, ಒಳಗಿನ ಫೈಲು ಕಾಪಿ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಹಳೆ ಡಿಸ್ಕಿನಿಂದ ಒಂದು ತಿಂಗಳು ಏನನ್ನೂ ಅಳಿಸಬೇಡಿ. ಅಷ್ಟರಲ್ಲಿ ಏನೆಲ್ಲ ಮರೆತಿದ್ದೀರಿ ಅಂತ ತಾನಾಗಿ ಗೊತ್ತಾಗುತ್ತದೆ. ಆಮೇಲೆ ಬೇಕಾದ ಫೈಲುಗಳ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋದ ಮೇಲೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದು ಗುಡ್ ಅಂತ ಬಂದಿದ್ದರೆ ಮಾತ್ರ, ಫಾರ್ಮ್ಯಾಟ್ ಮಾಡಿ ಬಳಸಿ. ನಿಮಗೇ ಇಟ್ಟುಕೊಳ್ಳುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಕು. ಯಾರಿಗಾದರೂ ಕೊಡುವುದು, ಮಾರುವುದು, ಗುಜರಿಗೆ ಹಾಕುವುದು ಇದ್ದರೆ ಕ್ವಿಕ್ ಫಾರ್ಮ್ಯಾಟ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್‌ನಲ್ಲಿ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಹಾಗೇ ಇರುತ್ತವೆ. ಪೂರ್ತಿ ಮಾಡಿದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ, 1 ಟಿಬಿಗೆ ಎರಡು ಮೂರು ಗಂಟೆ ಬೇಕು. ಹಾಗೆ ಸೊನ್ನೆ ಬರೆಯುವುದು ಹಾರ್ಡ್ ಡಿಸ್ಕಿಗೆ ಸರಿ. ಎಸ್‌ಎಸ್‌ಡಿಯನ್ನು ಮುಂದೆ ಯಾರಿಗಾದರೂ ಕೊಡುವುದಾದರೆ ಅದನ್ನು ತಯಾರಿಸಿದ ಕಂಪನಿಯದೇ ಅಳಿಸುವ ಸಾಫ್ಟ್‌ವೇರ್ ಬಳಸಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆರು ಏಳು ವರ್ಷದ ಗಿರಾಕಿಗಳ ಆಧಾರ್ ಪ್ರತಿ, ರೇಷನ್ ಕಾರ್ಡು, ಮಕ್ಕಳ ಸರ್ಟಿಫಿಕೇಟು ಎಷ್ಟು ಬಿದ್ದಿವೆ ಅಂತ ಒಮ್ಮೆ ತೆರೆದು ನೋಡಿ, ಗುಜರಿಯವನಿಗೆ ಕೊಡುವ ಮೊದಲು.